ಪಾಮ್ ಸ್ಪ್ರಿಂಗ್ಸ್: ತಾರೆಯರ ಊರು ಅರವತ್ತು ವರ್ಷದ ಬಳಿಕ ಪರಿಹಾರ ಕೊಟ್ಟದ್ದೇಕೆ?

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಪಾಮ್ ಸ್ಪ್ರಿಂಗ್ಸ್ ನಗರ ಸಾಮಾನ್ಯವಾಗಿ ಸುದ್ದಿಯಾಗುವುದು ಹಳೆಯ ಸಿನಿಮಾ ತಾರೆಯರ ಮನೆ ಮಾರಾಟಕ್ಕೆ ಬಂದಾಗ, ಚಿತ್ರೋತ್ಸವ ನಡೆದಾಗ, ಇಲ್ಲವೇ ಪಕ್ಕದ ಇಂಡಿಯನ್ ವೆಲ್ಸ್‌ನಲ್ಲಿ ಟೆನಿಸ್ ಟೂರ್ನಿ ಶುರುವಾದಾಗ. 2024ರ ನವೆಂಬರ್‌ನಲ್ಲಿ ಬಂದ ಸುದ್ದಿ ಬೇರೆ ಬಗೆಯದು. 1950 ಮತ್ತು 60ರ ದಶಕಗಳಲ್ಲಿ ಊರ ನಡುವಿನ ಒಂದು ಬಡಾವಣೆಯಿಂದ ಒಕ್ಕಲೆಬ್ಬಿಸಿದ ಕಪ್ಪುವರ್ಣೀಯ ಮತ್ತು ಲ್ಯಾಟಿನೊ ಕುಟುಂಬಗಳಿಗೆ ಸುಮಾರು 59 ಲಕ್ಷ ಡಾಲರ್ ನಗದು ಪರಿಹಾರ ಕೊಡಲು ನಗರಾಡಳಿತ ಒಪ್ಪಿತು. ಜತೆಗೆ ವಸತಿ ಯೋಜನೆಗಳಿಗೆ 2 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತು.

ಸುದ್ದಿ ಓದಿದ ಹಲವರಿಗೆ ಒಂದೇ ಗೊಂದಲ. ಆ ಬಡಾವಣೆಯ ನೆಲ ನಗರದ್ದಲ್ಲ. ಅದು ಅಮೆರಿಕದ ಮೂಲನಿವಾಸಿ ಸಮುದಾಯವೊಂದರ ಮೀಸಲು ಭೂಮಿ, ಇಂದಿಗೂ ಹಾಗೆಯೇ ಇದೆ. ಅಲ್ಲಿದ್ದವರು ಬಾಡಿಗೆದಾರರು. ನೆಲದ ಒಡೆಯರು ಬೇರೆಯವರಾಗಿದ್ದ ಮೇಲೆ ನಗರವೇಕೆ ಹಣ ಕೊಡಬೇಕು? ಅದೂ ಅರವತ್ತು ವರ್ಷದ ನಂತರ?

ಉತ್ತರ ಸಿಗಬೇಕಾದರೆ ಆ ಊರು ತಾರೆಯರ ಊರಾದದ್ದು ಹೇಗೆ ಎಂಬಲ್ಲಿಂದಲೇ ಶುರುಮಾಡಬೇಕು. ಗಾಯಕ ಫ್ರಾಂಕ್ ಸಿನಾಟ್ರಾನಂಥವರನ್ನು ಅಲ್ಲಿಗೆ ಕರೆತಂದ ವ್ಯವಸ್ಥೆಗೂ ಅವರ ಮನೆಗಳಲ್ಲಿ, ಹೋಟೆಲುಗಳಲ್ಲಿ ದುಡಿದವರನ್ನು ಹೊರಗಟ್ಟಿದ ವ್ಯವಸ್ಥೆಗೂ ಬೇರು ಒಂದೇ.

ತಾರೆಯರು ಬಂದದ್ದು ಹೇಗೆ

ಲಾಸ್ ಏಂಜಲೀಸ್‌ನಿಂದ ಪಾಮ್ ಸ್ಪ್ರಿಂಗ್ಸ್‌ಗೆ ಸುಮಾರು 170 ಕಿಲೋಮೀಟರ್. ಸ್ಯಾನ್ ಜಸಿಂಟೊ ಪರ್ವತದ ಬುಡದಲ್ಲಿ, ಮಳೆಮೋಡ ದಾಟಿ ಬರಲಾರದ ಮಗ್ಗುಲಲ್ಲಿ ಇರುವ ಊರು. ಚಳಿಗಾಲದಲ್ಲಿ ಎಳೆಬಿಸಿಲು, ನೆಲದಡಿಯಿಂದ ಬಿಸಿನೀರಿನ ಚಿಲುಮೆ. ಮೊದಲು ಕ್ಷಯರೋಗಿಗಳು ಒಣಹವೆ ಅರಸಿ ಬಂದರು. 1920ರ ದಶಕದಲ್ಲಿ ಎಲ್ ಮಿರಡಾರ್‌ನಂಥ ದೊಡ್ಡ ಹೋಟೆಲುಗಳು ಎದ್ದವು, ಹಿಂದೆಯೇ ಹಾಲಿವುಡ್ ಬಂತು. ಸ್ಟುಡಿಯೊಗಳು ತಮ್ಮ ನಟರು ಎರಡು ಗಂಟೆಯ ಹಾದಿಗಿಂತ ದೂರ ಹೋಗಬಾರದೆಂದು ಕರಾರು ಹಾಕುತ್ತಿದ್ದವು, ಆ ಗಡಿಯೊಳಗೆ ಬೀಳುತ್ತಿದ್ದ ವಿಹಾರದ ಊರು ಇದೇ ಎಂಬ ಮಾತು ಅಲ್ಲಿ ಇವತ್ತಿಗೂ ಪ್ರಚಲಿತ. ಕರಾರಿನ ಮಾತು ಎಷ್ಟರ ಮಟ್ಟಿಗೆ ನಿಜವಾಗಿದ್ದರೂ ದೂರದ ಅನುಕೂಲವಂತೂ ನಿಜ. ಬೆಳಿಗ್ಗೆ ಚಿತ್ರೀಕರಣಕ್ಕೆ ಕರೆ ಬಂದರೆ ಮಧ್ಯಾಹ್ನದೊಳಗೆ ಸ್ಟುಡಿಯೊ ತಲುಪಬಹುದಿತ್ತು.

ನಟರಾದ ಚಾರ್ಲ್ಸ್ ಫ್ಯಾರೆಲ್ ಮತ್ತು ರಾಲ್ಫ್ ಬೆಲ್ಲಮಿ 1934ರಲ್ಲಿ ಅಲ್ಲಿ ರ್‍ಯಾಕೆಟ್ ಕ್ಲಬ್ ತೆರೆದರು. ಟೆನಿಸ್ ಅಂಕಣಗಳ ಸುತ್ತ ಸಿನಿಮಾ ಮಂದಿ ಸೇರತೊಡಗಿದರು. ಫ್ಯಾರೆಲ್ ಮುಂದೆ ಊರಿನ ಮೇಯರ್ ಕೂಡ ಆದರು. 1947ರಲ್ಲಿ ಸಿನಾಟ್ರಾ, ವಾಸ್ತುಶಿಲ್ಪಿ ಇ. ಸ್ಟೀವರ್ಟ್ ವಿಲಿಯಮ್ಸ್ ಅವರಿಂದ ಪಿಯಾನೊ ಆಕಾರದ ಈಜುಕೊಳವಿರುವ ಮನೆ ಕಟ್ಟಿಸಿದರು. ಹಾಸ್ಯನಟ ಬಾಬ್ ಹೋಪ್ ಬಂದರು, ಎಲ್ವಿಸ್ ಪ್ರೀಸ್ಲಿ ಬಂದರು, ಪಿಯಾನೊ ವಾದಕ ಲಿಬರಾಚೆ ಕೊನೆಯುಸಿರೆಳೆದದ್ದೂ ಅಲ್ಲಿಯೇ. ಗಾಯಕ ಸನ್ನಿ ಬೋನೊ 1988ರಿಂದ 1992ರವರೆಗೆ ಮೇಯರ್ ಆಗಿದ್ದು, ಊರಿನ ಚಿತ್ರೋತ್ಸವಕ್ಕೆ ಬುನಾದಿ ಹಾಕಿದರು.

ಕ್ರೀಡೆಯೂ ಇದೇ ದಾರಿಯಲ್ಲಿ ಬಂತು. ಕೌಬಾಯ್ ಹಾಡುಗಳಿಂದ ಹೆಸರಾದ ಜೀನ್ ಆಟ್ರಿ ಬೇಸ್‌ಬಾಲ್ ತಂಡ ಏಂಜಲ್ಸ್‌ನ ಒಡೆಯರಾಗಿದ್ದರು. ಆ ತಂಡ 1961ರಿಂದ 1992ರವರೆಗೆ ಪ್ರತಿ ವಸಂತದಲ್ಲಿ ಪಾಮ್ ಸ್ಪ್ರಿಂಗ್ಸ್‌ನಲ್ಲೇ ತಾಲೀಮು ನಡೆಸಿತು. 1960ರಲ್ಲಿ ಶುರುವಾದ ಗಾಲ್ಫ್ ಟೂರ್ನಿಯ ಮೊದಲ ಪ್ರಶಸ್ತಿ ಆರ್ನಾಲ್ಡ್ ಪಾಮರ್‌ಗೆ ದಕ್ಕಿತು. ಕೆಲ ವರ್ಷಗಳಲ್ಲೇ ಆ ಟೂರ್ನಿಗೆ ಬಾಬ್ ಹೋಪ್ ಹೆಸರು ಸೇರಿತು. ತಾರೆಯ ಹೆಸರಿನಿಂದ ಟೂರ್ನಿಗೆ ದೂರದರ್ಶನದ ಪ್ರೇಕ್ಷಕರು, ಟೂರ್ನಿಯಿಂದ ಊರಿಗೆ ಪ್ರವಾಸಿಗರು, ಪ್ರವಾಸಿಗರಿಂದ ನೆಲಕ್ಕೆ ಬೆಲೆ. ಈ ಸರಪಳಿಯ ಕೊನೆಯ ಕೊಂಡಿಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಪಾಮ್ ಸ್ಪ್ರಿಂಗ್ಸ್ ಇರುವ ಈ ಕಣಿವೆ ಕನ್ನಡಿಗರಿಗೆ ಪೂರ್ತಿ ಅಪರಿಚಿತವೂ ಅಲ್ಲ. ಕೊಡಗಿನ ರೋಹನ್ ಬೋಪಣ್ಣ 2023ರ ಮಾರ್ಚ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಜತೆಗೂಡಿ ಡಬಲ್ಸ್ ಗೆದ್ದು, 43ನೇ ವಯಸ್ಸಿನಲ್ಲಿ ಎಟಿಪಿ ಮಾಸ್ಟರ್ಸ್ 1000 ಮಟ್ಟದ ಅತಿ ಹಿರಿಯ ಚಾಂಪಿಯನ್ ಎನಿಸಿದ್ದು ಇದೇ ಕಣಿವೆಯ ಇಂಡಿಯನ್ ವೆಲ್ಸ್‌ನಲ್ಲಿ. ಅದೇ ಟೂರ್ನಿಯಲ್ಲಿ 2001ರಲ್ಲಿ ಸೆರೆನಾ ವಿಲಿಯಮ್ಸ್ ಫೈನಲ್ ಆಡುವಾಗ ಪ್ರೇಕ್ಷಕರು ಪಂದ್ಯವಿಡೀ ಛೀಗುಟ್ಟಿದ್ದರು, ಜನಾಂಗ ನಿಂದನೆಯ ಮಾತುಗಳೂ ಕೇಳಿಬಂದವೆಂದು ಅವರ ತಂದೆ ಹೇಳಿದ್ದರು. ಆಮೇಲೆ ಸೆರೆನಾ 2015ರವರೆಗೆ, ಅಕ್ಕ ವೀನಸ್ 2016ರವರೆಗೆ ಅಲ್ಲಿ ಕಾಲಿಡಲಿಲ್ಲ. ಇಬ್ಬರು ಆಟಗಾರ್ತಿಯರಿಗಾದ ನೋವು ಜಗತ್ತಿಗೆಲ್ಲ ಗೊತ್ತಾಯಿತು. ಕಣಿವೆಯಲ್ಲಿ ದುಡಿಯುತ್ತಿದ್ದ ನೂರಾರು ಸಾಮಾನ್ಯ ಕುಟುಂಬಗಳಿಗೆ ಅದಕ್ಕೂ ನಾಲ್ಕು ದಶಕ ಮೊದಲು ಆದದ್ದು ಹೆಚ್ಚಿನವರಿಗೆ ಗೊತ್ತಾಗಲಿಲ್ಲ.

ಚದುರಂಗದ ಹಾಸಿನಂಥ ನಕ್ಷೆ

ಪಾಮ್ ಸ್ಪ್ರಿಂಗ್ಸ್‌ನ ಭೂನಕ್ಷೆ ಚದುರಂಗದ ಹಾಸಿನಂತಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಫೆಡರಲ್ (ಕೇಂದ್ರ) ಸರ್ಕಾರ ಈ ಪ್ರದೇಶವನ್ನು ಒಂದೊಂದು ಚದರ ಮೈಲಿಯ ಚೌಕಗಳಾಗಿ ಅಳೆಯಿತು. ಬೆಸ ಸಂಖ್ಯೆಯ ಚೌಕಗಳನ್ನು ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಗೆ ಕೊಟ್ಟಿತು. 1876 ಮತ್ತು 1877ರ ಅಧ್ಯಕ್ಷೀಯ ಆದೇಶಗಳ ಮೂಲಕ ಸಮ ಸಂಖ್ಯೆಯ ಚೌಕಗಳು ಅಲ್ಲಿನ ಮೂಲನಿವಾಸಿಗಳಾದ ಅಗ್ವಾ ಕಾಲಿಯೆಂಟೆ ಕಾವೀಯಾ ಸಮುದಾಯದ ಮೀಸಲು ಭೂಮಿಯಾದವು. ರೈಲ್ವೆಯ ಚೌಕಗಳು ಕೈಯಿಂದ ಕೈಗೆ ಮಾರಾಟವಾಗಿ ಖಾಸಗಿ ಸ್ವತ್ತಾದವು, ಅಲ್ಲಿ ಬಂಗಲೆಗಳು ಎದ್ದವು. ಮೀಸಲು ಚೌಕಗಳನ್ನು ಮಾರುವಂತಿರಲಿಲ್ಲ, ಸಮುದಾಯದ ಪರವಾಗಿ ಅವು ಫೆಡರಲ್ ಸರ್ಕಾರದ ಸುಪರ್ದಿಯಲ್ಲಿ ಉಳಿದವು.

ಊರು ಬೆಳೆದಂತೆ ಒಂದು ಮೀಸಲು ಚೌಕ ಪೇಟೆಯ ನಟ್ಟನಡುವೆ ಬಿತ್ತು. ಬಿಸಿನೀರಿನ ಚಿಲುಮೆ ಇದ್ದದ್ದೂ ಅದರಲ್ಲಿಯೇ. ಒಟ್ಟು 640 ಎಕರೆಯ ಆ ಚೌಕವೇ ಸೆಕ್ಷನ್ 14.

ಸುತ್ತಲಿನ ಖಾಸಗಿ ಬಡಾವಣೆಗಳ ಕ್ರಯಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂಬ ಷರತ್ತುಗಳಿದ್ದವು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 1948ರಲ್ಲಿ. ಆದರೆ ವಾಡಿಕೆ ತೀರ್ಪಿನೊಂದಿಗೆ ಸಾಯಲಿಲ್ಲ. ಯಹೂದಿಗಳಿಗೂ ಹಲವು ಕ್ಲಬ್ಬುಗಳಲ್ಲಿ ಪ್ರವೇಶವಿರಲಿಲ್ಲ. ಅವರಲ್ಲಿ ಹಣವಿತ್ತು, 1952ರಲ್ಲಿ ರ್‍ಯಾಂಚೊ ಮಿರಾಜ್‌ನಲ್ಲಿ ತಮ್ಮದೇ ಟ್ಯಾಮರಿಸ್ಕ್ ಗಾಲ್ಫ್ ಕ್ಲಬ್ ಕಟ್ಟಿಕೊಂಡರು. ಹೋಟೆಲಿನಲ್ಲಿ ಹಾಸಿಗೆ ಹಾಸುವ ಹೆಂಗಸರಿಗೆ, ಗಾರೆ ಕೆಲಸದವರಿಗೆ, ತೋಟದ ಆಳುಗಳಿಗೆ, ಅಡುಗೆಯವರಿಗೆ ಅಂಥ ದಾರಿ ಇರಲಿಲ್ಲ. ಬಿಳಿಯರ ಷರತ್ತು ತಾಗದ ನೆಲ ಪೇಟೆಯೊಳಗೆ ಒಂದೇ ಉಳಿದಿತ್ತು. ಹೀಗಾಗಿ ಅವರು ಸೆಕ್ಷನ್ 14ರಲ್ಲಿ ನೆಲೆಸಿದರು. ಕಪ್ಪುವರ್ಣೀಯರು, ಮೆಕ್ಸಿಕೊ ಮೂಲದವರು, ಜತೆಗೆ ಕೆಲವು ಬಡ ಬಿಳಿಯರೂ ಅಲ್ಲಿದ್ದರು.

ಐದು ವರ್ಷದ ಗುತ್ತಿಗೆ, ತೊಂಬತ್ತೊಂಬತ್ತು ವರ್ಷದ ಗುತ್ತಿಗೆ

ಇಡೀ ಪ್ರಕರಣದ ಗಂಟು ಗುತ್ತಿಗೆಯ ಅವಧಿಯಲ್ಲಿದೆ.

ಮೀಸಲು ಭೂಮಿಯನ್ನು ಬಹುಕಾಲ ಐದು ವರ್ಷದ ಅವಧಿಗೆ ಮಾತ್ರ ಗುತ್ತಿಗೆ ಕೊಡಲು ಅವಕಾಶವಿತ್ತು. ಐದು ವರ್ಷದ ನೆಲದ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಯಾವ ಹೋಟೆಲ್ ಕಂಪನಿಯೂ ಬಂಡವಾಳ ಹಾಕುವುದಿಲ್ಲ. ಹಾಗಾಗಿ ಪೇಟೆಯ ಮಧ್ಯದಲ್ಲಿದ್ದರೂ ಆ ನೆಲಕ್ಕೆ ಮಾರುಕಟ್ಟೆಯಲ್ಲಿ ಬೇಡಿಕೆ ಇರಲಿಲ್ಲ. ಬಡವರಿಗೆ ಅದು ಸಿಕ್ಕದ್ದು ಆ ಕಾರಣಕ್ಕೆ. ಕುಟುಂಬಗಳು ನೆಲಕ್ಕಷ್ಟೇ ಬಾಡಿಗೆ ಕೊಟ್ಟು, ಅದರ ಮೇಲೆ ತಮ್ಮ ದುಡಿಮೆಯ ಹಣದಲ್ಲಿ, ಬಹುಪಾಲು ತಮ್ಮ ಕೈಯಿಂದಲೇ, ಮನೆ ಕಟ್ಟಿಕೊಂಡವು. ನೆಲ ಬಾಡಿಗೆಯದು, ಮನೆ ಸ್ವಂತದ್ದು. ಪರಿಹಾರದ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆ, ಅದನ್ನು ಬಿಟ್ಟು ಓದಿದರೆ ಬಾಡಿಗೆದಾರರಿಗೆ ಪರಿಹಾರವೇಕೆ ಎಂಬ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ.

ಮೀಸಲು ಭೂಮಿ ತನ್ನ ಹೊಣೆಯಲ್ಲ ಎಂಬ ನಿಲುವಿನಿಂದ ನಗರಾಡಳಿತ ಅಲ್ಲಿಗೆ ಒಳಚರಂಡಿ, ಡಾಂಬರು ರಸ್ತೆ ಮುಂತಾದ ಸೌಲಭ್ಯಗಳನ್ನು ಸರಿಯಾಗಿ ಒದಗಿಸಲಿಲ್ಲ. ಸೌಲಭ್ಯವಿಲ್ಲದ ಕಡೆ ಗಟ್ಟಿ ಮನೆ ಏಳಲಿಲ್ಲ. ಮುಂದೆ ಅದೇ ನಗರಾಡಳಿತ ಆ ಮನೆಗಳನ್ನು ಕೊಳೆಗೇರಿ ಎಂದು ಕರೆಯಿತು, ಆರೋಗ್ಯಕ್ಕೂ ಬೆಂಕಿಯ ದೃಷ್ಟಿಯಿಂದಲೂ ಅಪಾಯ ಎಂದಿತು. ಅಪಾಯ ಇದ್ದಿರಬಹುದು. ಅದು ಹುಟ್ಟಲು ಬಿಟ್ಟವರು ಯಾರು ಎಂಬುದನ್ನು ಆಗ ಯಾರೂ ಕೇಳಲಿಲ್ಲ.

ಇತ್ತ ಮೂಲನಿವಾಸಿ ಸಮುದಾಯ ತನ್ನ ಹಕ್ಕಿಗಾಗಿ ಬೇರೆಯೇ ಹೋರಾಟ ನಡೆಸಿತ್ತು. ಸಮುದಾಯದ ಒಬ್ಬೊಬ್ಬ ಸದಸ್ಯನಿಗೆ ಊರೊಳಗೆ 2 ಎಕರೆ, ನೀರಾವರಿಯ 5 ಎಕರೆ, ಒಣಭೂಮಿ 40 ಎಕರೆ, ಹೀಗೆ 47 ಎಕರೆ ಹಂಚಿಕೆಯಾಗಬೇಕಿತ್ತು. ಫೆಡರಲ್ ಸರ್ಕಾರ ಅದಕ್ಕೆ ಹಕ್ಕುಪತ್ರ ಕೊಡದೆ ದಶಕಗಳ ಕಾಲ ಎಳೆದಾಡಿತು. ಲೀ ಅರೆನಾಸ್ ಎಂಬ ಸದಸ್ಯರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1944ರಲ್ಲಿ ಗೆದ್ದ ಮೇಲೆಯೇ ವಿಷಯ ಅಲುಗಾಡಿದ್ದು. 1950ರ ದಶಕದಲ್ಲಿ ವಯೋಲಾ ಆರ್ಟ್ನರ್ ನೇತೃತ್ವದಲ್ಲಿ, ಹೆಂಗಸರೇ ತುಂಬಿದ್ದ ಸಮುದಾಯ ಮಂಡಳಿ ವಾಷಿಂಗ್ಟನ್ನಿನ ಬಾಗಿಲು ಬಡಿಯಿತು. 1959ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಭೂಮಿಯನ್ನು 99 ವರ್ಷಗಳಿಗೆ ಗುತ್ತಿಗೆ ಕೊಡಲು ಅನುಮತಿ ನೀಡಿತು. ನ್ಯಾಯವಾಗಿ ಅದು ಅವರ ದೊಡ್ಡ ಗೆಲುವು.

ಆ ಒಂದು ಕಾಯ್ದೆಯಿಂದ ನೆಲದ ಬೆಲೆ ಬದಲಾಯಿತು. ಚಿಲುಮೆಯ ಬಳಿ ಸ್ಪಾ, ಅದರ ಹಿಂದೆಯೇ ಸ್ಪಾ ಹೋಟೆಲ್ ಬಂದವು. ನಿನ್ನೆಯವರೆಗೆ ಬಡವರಿಗಷ್ಟೇ ಬೇಕಾಗಿದ್ದ ಚೌಕ ಇಂದು ಹೋಟೆಲ್ ಉದ್ಯಮಿಗಳಿಗೆ ಬೇಕಾಯಿತು. ನೆಲ ಬೇಕಾದರೆ ಮನೆಗಳು ಹೋಗಬೇಕು.

ಬೆಲೆ ಏರಿದ ಲಾಭವೂ ನೇರವಾಗಿ ಮೂಲನಿವಾಸಿಗಳ ಕೈ ಸೇರಲಿಲ್ಲ. ಅವರಿಗೆ ಆಸ್ತಿ ನಿರ್ವಹಿಸಲು ಬರುವುದಿಲ್ಲ ಎಂಬ ನೆಪದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನ್ಯಾಯಾಲಯ ಹೆಚ್ಚಿನವರಿಗೆ ಆಸ್ತಿ ಪಾಲಕರನ್ನು ನೇಮಿಸಿತು. ವಕೀಲರು, ಸ್ಥಳೀಯ ವ್ಯಾಪಾರಸ್ಥರು, ರಿಯಲ್ ಎಸ್ಟೇಟ್ ಮಂದಿ ಪಾಲಕರಾದರು. ಗುತ್ತಿಗೆಯ ಆದಾಯದಲ್ಲಿ ದೊಡ್ಡ ಪಾಲು ಅವರ ಶುಲ್ಕಕ್ಕೆ ಹೋಯಿತು. ರಿವರ್‌ಸೈಡ್‌ನ ಪ್ರೆಸ್-ಎಂಟರ್‌ಪ್ರೈಸ್ ಪತ್ರಿಕೆಯ ವರದಿಗಾರ ಜಾರ್ಜ್ ರಿಂಗ್ವಾಲ್ಡ್ ಇದನ್ನು ಕಂತು ಕಂತಾಗಿ ಬಯಲಿಗೆಳೆದರು. ಪತ್ರಿಕೆಗೆ 1968ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು, ಅದೇ ವರ್ಷ ಕಾಂಗ್ರೆಸ್ ಈ ಪಾಲಕ ಪದ್ಧತಿಯನ್ನು ಕೊನೆಗೊಳಿಸಿತು.

ಮನೆ ಕಳೆದುಕೊಂಡವರು ಒಂದು ಕಡೆ, ಆದಾಯ ಕಳೆದುಕೊಂಡ ನೆಲದೊಡೆಯರು ಇನ್ನೊಂದು ಕಡೆ. ಇಬ್ಬರನ್ನೂ ಎದುರಾಳಿಗಳಂತೆ ಚಿತ್ರಿಸುವ ವರದಿಗಳು ಈ ಪಾಲಕರನ್ನು ಮರೆತೇಬಿಡುತ್ತವೆ.

ಅಗ್ನಿಶಾಮಕ ದಳ ಬಂದದ್ದು ಯಾಕೆ

ಈಗ ಮೊದಲ ಪ್ರಶ್ನೆಗೆ ಬರೋಣ. ನೆಲ ಖಾಲಿ ಮಾಡಿಸಲು ನೋಟಿಸ್ ಕೊಟ್ಟದ್ದು ನೆಲದೊಡೆಯರ ಹೆಸರಿನಲ್ಲಿ, ಬಹಳ ಕಡೆ ಅವರ ಪಾಲಕರು. ಅಷ್ಟಕ್ಕೇ ನಿಂತಿದ್ದರೆ ಇದು ಒಡೆಯ ಮತ್ತು ಬಾಡಿಗೆದಾರರ ನಡುವಿನ ವ್ಯಾಜ್ಯವಾಗಿ ಉಳಿಯುತ್ತಿತ್ತು. ಅಷ್ಟಕ್ಕೇ ನಿಲ್ಲಲಿಲ್ಲ. ಮನೆ ಕೆಡವಿದ್ದು ನಗರದ ಯಂತ್ರಗಳು, ಅವಶೇಷಕ್ಕೆ ಬೆಂಕಿಯಿಟ್ಟು ಸುಟ್ಟದ್ದು ನಗರದ ಅಗ್ನಿಶಾಮಕ ದಳ, ಖರ್ಚು ಸಾರ್ವಜನಿಕ ಬೊಕ್ಕಸದ್ದು. ಬೆಂಕಿ ಆರಿಸಬೇಕಾದ ಇಲಾಖೆ ಮನೆಗಳಿಗೆ ಬೆಂಕಿಯಿಟ್ಟ ಚಿತ್ರಗಳು ಇಂದಿಗೂ ಲಭ್ಯವಿವೆ.

ಹಲವು ಕುಟುಂಬಗಳ ಹೇಳಿಕೆ ಒಂದೇ ತೆರನಾಗಿದೆ: ಬೆಳಿಗ್ಗೆ ಹೋಟೆಲಿನ ಕೆಲಸಕ್ಕೋ ಬಂಗಲೆಯ ಮನೆಗೆಲಸಕ್ಕೋ ಹೋದವರು ಸಂಜೆ ಮರಳಿದಾಗ ಮನೆ ನೆಲಸಮವಾಗಿತ್ತು, ಒಳಗಿದ್ದ ಸಾಮಾನು, ಬಟ್ಟೆಬರೆ, ಭಾವಚಿತ್ರಗಳೂ ಅದರೊಂದಿಗೆ ಹೋಗಿದ್ದವು. ನೋಟಿಸ್ ತಮ್ಮ ಕೈ ಸೇರಲೇ ಇಲ್ಲ, ಸೇರಿದರೂ ಗಡುವು ಮುಗಿಯುವ ಮೊದಲೇ ಯಂತ್ರ ಬಂತು ಎಂಬುದು ಅವರ ದೂರು.

ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಕಚೇರಿ ಇದನ್ನು ತನಿಖೆ ಮಾಡಿ 1968ರಲ್ಲಿ ವರದಿ ಕೊಟ್ಟಿತು. ನಗರವೇ ಯೋಜಿಸಿ ನಡೆಸಿದ ಸರ್ವನಾಶ ಎಂಬರ್ಥದ ಕಟುವಾದ ಮಾತು ಆ ವರದಿಯಲ್ಲಿದೆ. ನಿವಾಸಿಗಳು ಮನುಷ್ಯರೆಂಬುದನ್ನೇ ನಗರಾಡಳಿತ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ಅದರ ಸಾರ. ಆದರೆ ಕ್ರಿಮಿನಲ್ ಮೊಕದ್ದಮೆ ಹೂಡುವಂಥ ಅಪರಾಧ ಅದಕ್ಕೆ ಕಾಣಲಿಲ್ಲ. ವರದಿ ಕಡತ ಸೇರಿತು, ಜನ ಊರಿನ ಉತ್ತರದ ಅಂಚಿಗೆ, ಬ್ಯಾನಿಂಗ್, ಬೋಮಾಂಟ್‌ನಂಥ ಪಕ್ಕದ ಊರುಗಳಿಗೆ ಚದುರಿದರು. ಕೆಲಸ ಮಾತ್ರ ಪಾಮ್ ಸ್ಪ್ರಿಂಗ್ಸ್‌ನಲ್ಲೇ ಉಳಿಯಿತು, ನಡೆದು ಹೋಗುತ್ತಿದ್ದ ಕೆಲಸಕ್ಕೆ ದಿನವೂ ದೂರದ ಪ್ರಯಾಣ ಸೇರಿತು.

ಹೊಣೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ನೆಲದ ಒಡೆತನ ಬೇರೆ, ಸಾರ್ವಜನಿಕ ಅಧಿಕಾರದ ಬಳಕೆ ಬೇರೆ. ಪರವಾನಗಿ, ಯಂತ್ರ, ಸಿಬ್ಬಂದಿ, ಬೆಂಕಿ, ಇವೆಲ್ಲ ನಗರದ ಕೈಯಲ್ಲಿದ್ದ ಅಧಿಕಾರಗಳು. ಇನ್ನೊಬ್ಬರ ನೆಲದ ಮೇಲೆ, ಮತ್ತೊಬ್ಬರ ಸ್ವಂತ ಮನೆಯ ಮೇಲೆ ಅವನ್ನು ಬಳಸಿದಾಗ ಒಡೆಯರು ಕೇಳಿದರು ಎಂಬ ಸಮಜಾಯಿಷಿ ಸಾಲದು. ಕೇಳಿದವರು ಯಾರೇ ಇರಲಿ, ಮನೆಯೊಳಗೆ ಯಾರಿದ್ದಾರೆ, ಅವರು ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸುವ ಹೊಣೆ ಯಂತ್ರ ಕಳಿಸಿದವರದು.

ಮೇಯರ್ ಬೋಗರ್ಟ್ ಸುತ್ತಲಿನ ಜಗಳ

1958ರಿಂದ 1966ರವರೆಗೆ ಮೇಯರ್ ಆಗಿದ್ದವರು ಫ್ರಾಂಕ್ ಬೋಗರ್ಟ್. ಅವರ ಹಿನ್ನೆಲೆ ಗಮನಿಸಬೇಕು. ಎಲ್ ಮಿರಡಾರ್ ಹೋಟೆಲಿನ ಪ್ರಚಾರಾಧಿಕಾರಿಯಾಗಿ, ಈಜುಕೊಳದ ಬಳಿ ತಾರೆಯರ ಫೋಟೊ ತೆಗೆದು ಪತ್ರಿಕೆಗಳಿಗೆ ಕಳಿಸಿ, ಊರಿನ ಹೆಸರನ್ನು ದೇಶಕ್ಕೆ ಪರಿಚಯಿಸಿದವರು ಅವರು. ಕುದುರೆ, ಕೌಬಾಯ್ ಟೋಪಿ ಅವರ ಗುರುತು. 1980ರ ದಶಕದಲ್ಲಿ ಮತ್ತೊಮ್ಮೆ ಮೇಯರ್ ಆದರು. ಕುದುರೆ ಏರಿದ ಅವರ ಕಂಚಿನ ಪ್ರತಿಮೆ ನಗರಸಭೆಯ ಮುಂದೆ ನಿಂತಿತ್ತು.

2021ರ ಸೆಪ್ಟೆಂಬರ್‌ನಲ್ಲಿ ನಗರಸಭೆ ಸೆಕ್ಷನ್ 14ರ ವಿಷಯದಲ್ಲಿ ಅಧಿಕೃತವಾಗಿ ಕ್ಷಮೆ ಕೇಳಿತು, ಪ್ರತಿಮೆ ತೆಗೆಯುವ ನಿರ್ಧಾರವನ್ನೂ ಮಾಡಿತು. ಬೋಗರ್ಟ್ ಅಭಿಮಾನಿಗಳು ನ್ಯಾಯಾಲಯಕ್ಕೆ ಹೋದರು. 2022ರ ಜುಲೈನಲ್ಲಿ ಪ್ರತಿಮೆ ಜಾಗ ಬಿಟ್ಟಿತು.

ಅಭಿಮಾನಿಗಳ ವಾದವನ್ನು ತಳ್ಳಿಹಾಕುವ ಮೊದಲು ಕೇಳಬೇಕು. ಒಕ್ಕಲೆಬ್ಬಿಸುವ ಹಕ್ಕು ಇದ್ದದ್ದು ಭೂಮಾಲೀಕರಿಗೂ ಅವರ ಪಾಲಕರಿಗೂ, ಮೇಯರ್‌ಗಲ್ಲ. 99 ವರ್ಷದ ಗುತ್ತಿಗೆ ಸಿಗುವಲ್ಲಿ ಬೋಗರ್ಟ್ ಸಮುದಾಯಕ್ಕೆ ನೆರವಾದರು. ಮನೆ ಕಳೆದುಕೊಳ್ಳುವವರಿಗೆ ಬೇರೆ ವಸತಿ ಹುಡುಕಲು ಯತ್ನಿಸಿದರು. ಇಡೀ ಕಾಲದ ತಪ್ಪನ್ನು ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ ಎನ್ನುತ್ತಾರೆ ಅವರು.

ಕೊನೆಯ ಮಾತಿನಲ್ಲಿ ತಥ್ಯವಿದೆ, ತಪ್ಪು ಒಬ್ಬರದಲ್ಲ. ಆದರೆ ಬೋಗರ್ಟ್ ಕಟ್ಟಿದ ಊರಿನ ಚಿತ್ರದಲ್ಲೇ ಸೆಕ್ಷನ್ 14ಕ್ಕೆ ಜಾಗವಿರಲಿಲ್ಲ. ತಾರೆಯರ ಫೋಟೊಗಳಲ್ಲಿ ಬದುಕುವ ಊರಿಗೆ ಹೋಟೆಲಿನ ಎದುರು ಬದಿಯ ತಗಡಿನ ಮನೆಗಳು ಅಡ್ಡಿಯಾಗಿ ಕಾಣುತ್ತವೆ. ಆ ಮನೆಗಳಲ್ಲಿದ್ದವರೇ ಫೋಟೊದ ಹಿಂದಿನ ಹೋಟೆಲನ್ನು ನಡೆಸುತ್ತಿದ್ದರು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಪ್ರತಿಮೆ ತೆಗೆದದ್ದು ಸರಿಯೋ ತಪ್ಪೋ ಎಂಬ ಚರ್ಚೆಯಲ್ಲಿ ಈ ಅಂಶ ಹಿಂದೆ ಸರಿದದ್ದು ದುರದೃಷ್ಟ.

ಇಂಥ ಮನೋಭಾವ ಕಣ್ಣಿಗೆ ಕಾಣುವಂತೆ ಉಳಿದಿದ್ದ ಜಾಗವೊಂದಿತ್ತು. ಕಪ್ಪುವರ್ಣೀಯ ಉದ್ಯಮಿ ಲಾರೆನ್ಸ್ ಕ್ರಾಸ್ಲಿ ತಮ್ಮವರಿಗಾಗಿ ಕಟ್ಟಿದ ಬಡಾವಣೆಯ ಪಕ್ಕದಲ್ಲೇ ನಗರದ ಗಾಲ್ಫ್ ಮೈದಾನವಿದೆ. ಎರಡರ ನಡುವೆ ಟ್ಯಾಮರಿಸ್ಕ್ ಮರಗಳ ಒತ್ತಾದ ಸಾಲು, ಜತೆಗೆ ತಂತಿ ಬೇಲಿ. ಮರ ದಟ್ಟವಾಗಿ ಬೆಳೆದು ಮನೆಗಳಿಂದ ಬೆಟ್ಟವೂ ಮೈದಾನವೂ ಕಾಣದಾಗಿದ್ದವು. ಗಾಲ್ಫ್ ಮೈದಾನಕ್ಕೆ ಹೊಂದಿಕೊಂಡ ಮನೆಗೆ ಬೇರೆಡೆ ಹೆಚ್ಚು ಬೆಲೆ, ಇಲ್ಲಿ ಮೈದಾನವೇ ಕಾಣದ್ದರಿಂದ ಮನೆಗಳಿಗೆ ಬೆಲೆ ಏರಲಿಲ್ಲ. ತಮ್ಮನ್ನು ಮರೆಮಾಚಲೆಂದೇ ಮರ ನೆಟ್ಟರು ಎಂದು ನಿವಾಸಿಗಳು ದಶಕಗಳಿಂದ ಹೇಳುತ್ತ ಬಂದರು. 2018ರಲ್ಲಿ ನಗರವೇ ಅವನ್ನು ಕಡಿಸಿ ತೆಗೆಯಿತು.

59 ಲಕ್ಷ ಎಂದರೆ ಎಷ್ಟು

ಸೆಕ್ಷನ್ 14ರ ಹಳೆಯ ನಿವಾಸಿಗಳು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ಒಟ್ಟುಗೂಡಿ, ವಕೀಲೆ ಅರೇವಾ ಮಾರ್ಟಿನ್ ಮೂಲಕ 2022ರ ನವೆಂಬರ್‌ನಲ್ಲಿ ನಗರದ ಮುಂದೆ ಹಕ್ಕುಸಾಧನೆಯ ಅರ್ಜಿ ಸಲ್ಲಿಸಿದರು. ಅವರ ಪರ ಅರ್ಥಶಾಸ್ತ್ರಜ್ಞೆ ಅಂದಾಜಿಸಿದ ನಷ್ಟ ನೂರಾರು ಕೋಟಿ ಡಾಲರ್‌ವರೆಗೆ ಹೋಗುತ್ತಿತ್ತು. 2024ರ ಏಪ್ರಿಲ್‌ನಲ್ಲಿ ನಗರ ಸುಮಾರು 42 ಲಕ್ಷ ಡಾಲರ್ ಕೊಡಲು ಮುಂದಾಯಿತು. ಕೊನೆಗೆ ನವೆಂಬರ್‌ನಲ್ಲಿ ಸುಮಾರು 59 ಲಕ್ಷಕ್ಕೆ ರಾಜಿಯಾಯಿತು. ಇದಲ್ಲದೆ ಮೊದಲ ಬಾರಿ ಮನೆ ಕೊಳ್ಳುವವರಿಗೆ ನೆರವು ಮತ್ತು ಸಮುದಾಯ ಭೂ ಟ್ರಸ್ಟ್‌ಗೆ ಹತ್ತು ವರ್ಷಗಳಲ್ಲಿ ಒಟ್ಟು 2 ಕೋಟಿ ಡಾಲರ್, ಸಣ್ಣ ಉದ್ಯಮಗಳಿಗೆ 10 ಲಕ್ಷ ಡಾಲರ್.

ಬೇಡಿಕೆಗೂ ರಾಜಿಗೂ ಇಷ್ಟು ಅಂತರವೇಕೆ? ನಗರ ಲೆಕ್ಕ ಹಿಡಿದದ್ದು ದಾಖಲೆಗಳಿಂದ ಖಚಿತಪಡಿಸಿಕೊಳ್ಳಲು ಸಾಧ್ಯವಾದ 145 ಮನೆಗಳಿಗೆ ಮಾತ್ರ. ಆ ಲೆಕ್ಕದಲ್ಲಿ ಒಂದು ಮನೆಗೆ ಸುಮಾರು 41 ಸಾವಿರ ಡಾಲರ್ ಬೀಳುತ್ತದೆ. ಅರ್ಹರ ಸಂಖ್ಯೆ ಸುಮಾರು 1,200 ಎಂದು ಹಿಡಿದು ಸಮನಾಗಿ ಹಂಚಿದರೆ ತಲೆಗೆ ಐದು ಸಾವಿರ ಡಾಲರಿಗೂ ಕಡಿಮೆ. ಆ ಊರಿನಲ್ಲಿ ಇವತ್ತು ಅಷ್ಟು ಹಣಕ್ಕೆ ಕೆಲವು ತಿಂಗಳ ಬಾಡಿಗೆಯಷ್ಟೇ ಸಂದೀತು. ದಾಖಲೆ ಕೇಳುವುದು ತಪ್ಪಲ್ಲ, ಸಾರ್ವಜನಿಕ ಹಣ ಕೊಡುವವರು ಕೇಳಲೇಬೇಕು. ಆದರೆ ಇಲ್ಲಿ ದಾಖಲೆ ಸುಟ್ಟುಹೋದದ್ದು ಮನೆಯೊಂದಿಗೇ. ನೆಲದ ಬಾಡಿಗೆ ಕೈಬದಲಾಗುತ್ತಿತ್ತು, ಮನೆ ಕಟ್ಟಿದ್ದಕ್ಕೆ ಹಕ್ಕುಪತ್ರ ಇರಲಿಲ್ಲ. ಸಾಕ್ಷ್ಯ ಕಳೆದುಹೋಗಲು ಕಾರಣವಾದ ಸಂಸ್ಥೆಯೇ ಸಾಕ್ಷ್ಯದ ಅಳತೆಗೋಲು ಹಿಡಿಯುವಾಗ ಪರಿಹಾರ ಕಿರಿದಾಗುವುದು ಸಹಜ.

ಹಾಗಾದರೆ ಕುಟುಂಬಗಳು ಒಪ್ಪಿದ್ದೇಕೆ? ಕಾಲಮಿತಿ ಮೊದಲ ಕಾರಣ. ಸ್ಥಳೀಯ ಸಂಸ್ಥೆಗಳ ವಿರುದ್ಧದ ಹಕ್ಕುಸಾಧನೆಗೆ ಕ್ಯಾಲಿಫೋರ್ನಿಯಾದಲ್ಲಿ ಬಹಳ ಬಿಗಿಯಾದ ಗಡುವುಗಳಿವೆ. ಅರವತ್ತು ವರ್ಷ ಹಳೆಯ ಪ್ರಕರಣ ನ್ಯಾಯಾಲಯದಲ್ಲಿ ನಿಲ್ಲುವುದೇ ಕಷ್ಟವಿತ್ತು. ಎರಡನೆಯದು ವಯಸ್ಸು. ಮಕ್ಕಳಾಗಿದ್ದಾಗ ಮನೆ ಉರಿದದ್ದನ್ನು ಕಂಡವರು ಈಗ ಎಪ್ಪತ್ತು, ಎಂಬತ್ತು ದಾಟಿದ್ದಾರೆ. ಮೊಕದ್ದಮೆ ಇನ್ನೊಂದು ದಶಕ ಎಳೆದರೆ ನೋಡಿದವರು ಉಳಿಯುವುದಿಲ್ಲ. ನಗರಕ್ಕೂ ತನ್ನದೇ ಕಾರಣಗಳಿದ್ದವು: ಕ್ಷಮೆ ಕೇಳಿಯಾಗಿತ್ತು, ಪ್ರವಾಸೋದ್ಯಮವೇ ಜೀವಾಳವಾದ ಊರಿಗೆ ವರ್ಷಗಟ್ಟಲೆ ಈ ಸುದ್ದಿ ಹೊಗೆಯಾಡುವುದು ಬೇಕಿರಲಿಲ್ಲ.

ಬೇರೆ ಊರುಗಳಿಗೆ ಇದರ ಅರ್ಥ

ಅಮೆರಿಕದಲ್ಲಿ ಇಂಥ ಪರಿಹಾರದ ದಾರಿಗಳು ಬೇರೆ ಬೇರೆಯಾಗಿವೆ. ಇಲಿನಾಯ್ ರಾಜ್ಯದ ಎವನ್‌ಸ್ಟನ್ ನಗರ ವಸತಿ ತಾರತಮ್ಯ ಅನುಭವಿಸಿದ ಕಪ್ಪುವರ್ಣೀಯರಿಗೆ ತಲಾ 25 ಸಾವಿರ ಡಾಲರ್ ಕೊಡುವ ಯೋಜನೆ ತಂದಿತು. ಫಲಾನುಭವಿಗಳನ್ನು ಜನಾಂಗದ ಆಧಾರದಲ್ಲಿ ಗುರುತಿಸಿದ್ದಕ್ಕೆ 2024ರಲ್ಲಿ ಅದರ ವಿರುದ್ಧ ಮೊಕದ್ದಮೆ ದಾಖಲಾಯಿತು. ಲಾಸ್ ಏಂಜಲೀಸ್ ಕೌಂಟಿ ಬ್ರೂಸಸ್ ಬೀಚ್ ಎಂಬ ಕಡಲತೀರದ ನಿವೇಶನವನ್ನು ಅದರ ಮೂಲ ಕುಟುಂಬಕ್ಕೆ 2022ರಲ್ಲಿ ಮರಳಿಸಿತು, ಕುಟುಂಬ ಅದನ್ನು ಮರುವರ್ಷ 2 ಕೋಟಿ ಡಾಲರಿಗೆ ಕೌಂಟಿಗೇ ಮಾರಿತು. ಡಾಡ್ಜರ್ಸ್ ಬೇಸ್‌ಬಾಲ್ ಕ್ರೀಡಾಂಗಣ ನಿಂತಿರುವ ಚಾವೆಜ್ ರವೀನ್‌ನಿಂದ ಒಕ್ಕಲೆದ್ದ ಕುಟುಂಬಗಳ ಕುರಿತ ಮಸೂದೆಗೆ 2024ರಲ್ಲಿ ರಾಜ್ಯಪಾಲರ ಸಹಿ ಬೀಳಲಿಲ್ಲ.

ಪಾಮ್ ಸ್ಪ್ರಿಂಗ್ಸ್‌ನ ದಾರಿ ಇವುಗಳಿಗಿಂತ ಗಟ್ಟಿ ಎಂದು ತೋರುತ್ತದೆ. ಇದು ಜನಾಂಗದ ಆಧಾರದ ಸಹಾಯಧನವಲ್ಲ. ಇಂಥ ಚೌಕದಲ್ಲಿ, ಇಂಥ ಅವಧಿಯಲ್ಲಿ, ಇಂಥ ಆಡಳಿತದ ಕೃತ್ಯದಿಂದ ಮನೆ ಕಳೆದುಕೊಂಡವರೊಂದಿಗೆ ಮಾಡಿಕೊಂಡ ರಾಜಿ. ನಷ್ಟ ಯಾರಿಗಾಯಿತು, ಯಾರಿಂದಾಯಿತು ಎಂಬ ಎರಡು ಪ್ರಶ್ನೆಗೆ ಉತ್ತರ ಇರುವುದರಿಂದ ಇದನ್ನು ಪ್ರಶ್ನಿಸುವುದು ಕಷ್ಟ. ಇದರ ಇನ್ನೊಂದು ಮುಖವೂ ಇದೆ. ದಾಖಲೆ, ವರದಿ, ಗುರುತಿಸಬಲ್ಲ ನೆಲ ಮೂರೂ ಇರುವ ಕಡೆಗೆ ಮಾತ್ರ ಈ ಮಾದರಿ ಹೊಂದುತ್ತದೆ. 1968ರ ವರದಿ ಇಲ್ಲದಿದ್ದರೆ ಸೆಕ್ಷನ್ 14ರ ಪ್ರಕರಣವೂ ಇಲ್ಲಿಯವರೆಗೆ ಬರುತ್ತಿರಲಿಲ್ಲ. ಅಂಥ ತನಿಖೆಯೇ ನಡೆಯದ ಊರುಗಳ ಜನರಿಗೆ ಇದರಿಂದ ಸಿಗುವ ಆಸರೆ ಕಡಿಮೆ.

ಚೌಕದ ಇಂದಿನ ಸ್ಥಿತಿ

ಸೆಕ್ಷನ್ 14ರಲ್ಲಿ ಇಂದು ನಗರದ ಸಮ್ಮೇಳನ ಭವನವಿದೆ, ದೊಡ್ಡ ಹೋಟೆಲುಗಳಿವೆ, ಅಗ್ವಾ ಕಾಲಿಯೆಂಟೆ ಸಮುದಾಯದ ಕ್ಯಾಸಿನೊ ಇದೆ. 2023ರಲ್ಲಿ ಚಿಲುಮೆಯ ಜಾಗದಲ್ಲಿ ಸಮುದಾಯ ತನ್ನದೇ ಹೊಸ ಸ್ಪಾ ಮತ್ತು ವಸ್ತುಸಂಗ್ರಹಾಲಯ ತೆರೆಯಿತು. ಅದೇ ಚೌಕದಲ್ಲಿ ಭಾರಿ ಒಳಾಂಗಣ ಕ್ರೀಡಾಂಗಣ ಕಟ್ಟುವ ಯೋಜನೆಯೂ 2019ರಲ್ಲಿ ಪ್ರಕಟವಾಗಿತ್ತು. ಅದು ಕೈಗೂಡಲಿಲ್ಲ. ಕ್ರೀಡಾಂಗಣ ಪೇಟೆಯಿಂದ ದೂರ, ಪಾಮ್ ಡೆಸರ್ಟ್ ಬಳಿ ಎದ್ದು 2022ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಐಸ್ ಹಾಕಿ ತಂಡ ಫೈರ್‌ಬರ್ಡ್ಸ್ ಆಡುವುದು, ದೊಡ್ಡ ಗಾಯಕರ ಕಛೇರಿಗಳು ನಡೆಯುವುದು ಈಗ ಅಲ್ಲಿ.

ಹಳೆಯ ಕಾಲಕ್ಕೂ ಇಂದಿಗೂ ಇರುವ ಮುಖ್ಯ ಬದಲಾವಣೆ ನಿರ್ಧಾರ ಯಾರ ಕೈಯಲ್ಲಿದೆ ಎಂಬುದು. ತನ್ನ ನೆಲದಲ್ಲಿ ಏನು ಬರಬೇಕು, ಬರಬಾರದು ಎಂದು ಈಗ ಸಮುದಾಯವೇ ಮಾತಾಡುತ್ತದೆ. ಕಣಿವೆಯ ಅಂತರ್ಜಲದ ಮೇಲೂ ತನಗೆ ಮೀಸಲು ಹಕ್ಕಿದೆ ಎಂದು ಅದು ಹೂಡಿದ ದಾವೆಯಲ್ಲಿ 2017ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅದರ ಪರ ತೀರ್ಪು ನೀಡಿತು, ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲಿಲ್ಲ. ನೂರಕ್ಕೂ ಹೆಚ್ಚು ಗಾಲ್ಫ್ ಮೈದಾನಗಳನ್ನು ಹಸಿರಾಗಿಡಬೇಕಾದ ಕಣಿವೆಯಲ್ಲಿ ಈ ತೀರ್ಪಿನ ತೂಕ ಸಣ್ಣದಲ್ಲ.

ದುಡಿಯುವವರ ವಸತಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಟೂರ್ನಿ, ಸಂಗೀತೋತ್ಸವ, ಚಿತ್ರೋತ್ಸವದ ದಿನಗಳಲ್ಲಿ ಹೋಟೆಲುಗಳಿಗೆ ಬೇಕಾದ ಕೈಗಳು ಇಂದಿಗೂ ಬಹುಮಟ್ಟಿಗೆ ಇಂಡಿಯೊ, ಕೊಚೆಲ್ಲಾ, ಡೆಸರ್ಟ್ ಹಾಟ್ ಸ್ಪ್ರಿಂಗ್ಸ್‌ನಂಥ ಊರುಗಳಿಂದ ಬರುತ್ತವೆ. ನಗದು ಪರಿಹಾರಕ್ಕಿಂತ 2 ಕೋಟಿ ಡಾಲರಿನ ವಸತಿ ಭಾಗದ ಮೇಲೆ ಹೆಚ್ಚು ಗಮನ ಇಡಬೇಕಾದದ್ದು ಈ ಕಾರಣಕ್ಕೆ. ಭೂ ಟ್ರಸ್ಟ್ ನೆಲವನ್ನು ತನ್ನಲ್ಲೇ ಇಟ್ಟುಕೊಂಡು ಮನೆಯನ್ನಷ್ಟೇ ಕೈಗೆಟಕುವ ಬೆಲೆಗೆ ಮಾರುವ ಪದ್ಧತಿ. ನೆಲ ಇನ್ನೊಬ್ಬರದು, ಮನೆ ತಮ್ಮದು ಎಂಬ ಏರ್ಪಾಡೇ ಇಲ್ಲಿಯೂ ಇದೆ. ಸೆಕ್ಷನ್ 14ರಲ್ಲಿ ಇಲ್ಲದಿದ್ದ ದೀರ್ಘಾವಧಿಯ ಲಿಖಿತ ಭದ್ರತೆ ಇದರಲ್ಲಿ ಇರಬೇಕು. ಟ್ರಸ್ಟಿನ ನಿಯಮಗಳಲ್ಲಿ ಒಕ್ಕಲೆದ್ದ ಕುಟುಂಬಗಳ ಮೊಮ್ಮಕ್ಕಳಿಗೆ ಎಷ್ಟು ಆದ್ಯತೆ ಸಿಗುತ್ತದೆ ಎಂಬುದರ ಮೇಲೆ ರಾಜಿಯ ನಿಜವಾದ ಬೆಲೆ ಗೊತ್ತಾಗಲಿದೆ.

ಇನ್ನೊಂದು ಬಾಕಿಯನ್ನೂ ಹೇಳಬೇಕು. ಈ ಒಪ್ಪಂದ ನಗರ ಮತ್ತು ಕುಟುಂಬಗಳ ನಡುವಿನದು. ಆಸ್ತಿ ಪಾಲಕರನ್ನು ನೇಮಿಸಿದ ನ್ಯಾಯಾಲಯವಿದ್ದ ರಿವರ್‌ಸೈಡ್ ಕೌಂಟಿ ಇದರಲ್ಲಿ ಪಾಲುದಾರನಲ್ಲ. ಮೀಸಲು ಭೂಮಿಯ ಹೊಣೆ ಹೊತ್ತು, ಗುತ್ತಿಗೆಯ ನಿಯಮ ಬರೆದು, ಒಕ್ಕಲೆಬ್ಬಿಸುವಿಕೆಯನ್ನು ನೋಡುತ್ತ ಕುಳಿತ ಫೆಡರಲ್ ಸರ್ಕಾರವೂ ಪಾಲುದಾರನಲ್ಲ. ಯಂತ್ರ ಕಳಿಸಿದ ನಗರ ತನ್ನ ಪಾಲಿನ ಕ್ಷಮೆ ಕೇಳಿ, ಕಡಿಮೆಯೋ ಹೆಚ್ಚೋ, ಹಣ ತೆತ್ತಿದೆ. ಉಳಿದ ಎರಡು ಕಚೇರಿಗಳ ಪಾಲಿನ ಹೊಣೆಯನ್ನು ಈ ಒಪ್ಪಂದ ಮುಟ್ಟಿಯೇ ಇಲ್ಲ.